ನಿಮ್ಮ ಕೈಯಲ್ಲಿರುವ ವಾಚು ಯಾವುದು, ಅದೇ ಏಕೆ? ಬಳ್ಳಾರಿ, ರಾಯಚೂರು, ಕೊಪ್ಪಳದವರ ಚರ್ಚೆ

ಕೋಟೆಗುಡ್ಡ, ಬಳ್ಳಾರಿ

ವಾಚುಗಳ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರಗಳನ್ನು ಕುರಿತವು. ನಲವತ್ತು ಡಿಗ್ರಿ ದಾಟುವ ಬಿಸಿಲು, ಬೆವರು, ಅದಿರಿನ ಕೆಂಪು ಧೂಳು, ಗದ್ದೆಯ ಕೆಸರು ಇವುಗಳ ನಡುವೆ ದಿನವೂ ವಾಚು ಕಟ್ಟಿಕೊಂಡು ಓಡಾಡುವ ನಮ್ಮ ಕಡೆಯವರಿಗೆ ಯಾವುದು ಇಷ್ಟವಾಗಿದೆ, ಏಕೆ ಇಷ್ಟವಾಗಿದೆ ಎಂಬುದನ್ನು ನಮ್ಮವರಿಂದಲೇ ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಬೆಲೆ ಎಷ್ಟೆಂಬುದು ಮುಖ್ಯವಲ್ಲ. ಕಾರಣವನ್ನು ಮಾತ್ರ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನನ್ನದು ಎಚ್‌ಎಂಟಿ ಜನತಾ. ಚಾವಿ ಕೊಡುವ ವಾಚು, 17 ಜ್ಯುವೆಲ್ (ಚಕ್ರಗಳ ಮೊನೆ ಸವೆಯದಂತೆ ಕೂರಿಸುವ ಸಣ್ಣ ಹರಳುಗಳು), ಬಿಳಿ ಡಯಲ್. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆದ ಮೇಲೆ, ಸಾಮಾನ್ಯ ಸಂಬಳದ ಮನೆಗಳಿಗೂ ಕೈಗಡಿಯಾರ ಬಂದದ್ದು ಇಂಥ ವಾಚುಗಳಿಂದಲೇ. ನಾನು ಭೌತಶಾಸ್ತ್ರದ ಉಪನ್ಯಾಸಕ. ಈ ವಾಚನ್ನು ಮೆಚ್ಚುವುದಕ್ಕೆ ನನ್ನ ವೃತ್ತಿಯೂ ಕಾರಣ. ಹಿಂಬದಿಯ ಮುಚ್ಚಳ ತೆಗೆದರೆ, ಡಬ್ಬಿಯೊಳಗೆ ಸುರುಳಿ ಸುತ್ತಿದ ಸ್ಪ್ರಿಂಗಿನ ಬಲ ಹಲ್ಲುಚಕ್ರಗಳ ಮೂಲಕ ಸಾಗುವುದು, ಬ್ಯಾಲೆನ್ಸ್ ಚಕ್ರ ಆಚೀಚೆ ತೂಗಿ ಅದನ್ನು ಅಳೆದಳೆದು ಬಿಡುವುದು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪಿಯುಸಿ ಮಕ್ಕಳಿಗೆ ಆಂದೋಲನದ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಚೆನ್ನಾಗಿ ಸರ್ವಿಸ್ ಆದ ಜನತಾ ದಿನಕ್ಕೆ 20 ಸೆಕೆಂಡು ಹಿಂದುಮುಂದಾದರೂ ಆ ವ್ಯತ್ಯಾಸ 86,400 ಸೆಕೆಂಡುಗಳಲ್ಲಿ ಶೇಕಡಾ 0.023ರಷ್ಟು ಮಾತ್ರ. ಸೆಲ್ಲು ಇಲ್ಲದೆ, ತಂತಿ ಇಲ್ಲದೆ, ಬೆರಳಿನ ಬಲದಿಂದ ನಡೆಯುವ ಯಂತ್ರವೊಂದು ಇಷ್ಟು ನಿಖರವಾಗಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಎಡದಂಡೆ ಕಾಲುವೆ, ಗಂಗಾವತಿ

ಸರ್, ನಿಮ್ಮ ಜನತಾ ವಾಚಿನ ಮೇಲೆ ನನಗೂ ಗೌರವವಿದೆ, ಆದರೆ ಅದನ್ನು ಕಟ್ಟಿಕೊಂಡು ಭತ್ತದ ಗದ್ದೆಗೆ ಇಳಿಯಲು ಆಗುವುದಿಲ್ಲ. ನನ್ನ ಕೈಯಲ್ಲಿರುವುದು ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಲ್ಲಿ ಬಂದ ಈ ವಾಚಿನ ರೂಪ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ತೂಕ 21 ಗ್ರಾಂ. ಕಟ್ಟಿಕೊಂಡಿದ್ದೇನೆಂಬುದೇ ಮರೆತುಹೋಗುತ್ತದೆ. ಒಂದು ಸೆಲ್ಲು ಸುಮಾರು ಏಳು ವರ್ಷ ನಡೆಯುತ್ತದೆ, ತಿಂಗಳಿಗೆ 30 ಸೆಕೆಂಡಿನೊಳಗೆ ಸಮಯ ಕಾಯ್ದುಕೊಳ್ಳುತ್ತದೆ.

ನನಗೆ ಬೇಕಿರುವುದು ಅಲಾರಾಂ. ನಮ್ಮ ಉಪಕಾಲುವೆಯಲ್ಲಿ ನೀರಿನ ಪಾಳಿ ಮಧ್ಯರಾತ್ರಿಗೂ ಬರುತ್ತದೆ, ಬೆಳಗಿನ ಜಾವಕ್ಕೂ ಬರುತ್ತದೆ, ಮತ್ತು ಪಾಳಿ ತಪ್ಪಿದರೆ ಮುಂದಿನ ಸರದಿಯವರೆಗೆ ಗದ್ದೆ ಒಣಗುತ್ತದೆ. ಮೊಬೈಲು ಇದೆಯಲ್ಲ ಎಂದು ನನ್ನ ಮಗ ಹೇಳುತ್ತಾನೆ, ಆದರೆ ಬದುವಿನ ಮೇಲೆ ಕತ್ತಲಲ್ಲಿ ಒದ್ದೆ ಕೈಯಿಂದ ಮೊಬೈಲು ತೆಗೆಯುವುದೂ ಅದು ನೀರಿಗೆ ಬೀಳುವುದೂ ಬೇರೆ ಬೇರೆಯಲ್ಲ. ವಾಚು ಕೈಯಲ್ಲೇ ಇರುತ್ತದೆ. ಇದರ ಕೊರತೆಯೆಂದರೆ ದೀಪ. ಎಡಬದಿಯಲ್ಲಿ ಸಣ್ಣ ಹಸಿರು ಬೆಳಕು ಮಾತ್ರ ಹತ್ತುವುದರಿಂದ ಬಲಗಡೆಯ ಸೆಕೆಂಡಿನ ಅಂಕಿಗಳು ಕತ್ತಲಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇದರ ನಕಲುಗಳು ನಮ್ಮ ಸಂತೆಗಳಲ್ಲಿ ಬಹಳ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅಸಲಿ ವಾಚಿನ ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಕೊಳ್ಳುವವರು ಅಂಗಡಿಯಲ್ಲೇ ಒತ್ತಿ ನೋಡಿ.

ಬಿಳಿ ಸಮವಸ್ತ್ರ, ಕುಷ್ಟಗಿ

ನಾನು ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಾಧಿಕಾರಿ. ನನ್ನ ವಾಚನ್ನು ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸೊನಾಟಾ ಹೆಸರಿನ ಸಾಮಾನ್ಯ ಕ್ವಾರ್ಟ್ಜ್ ವಾಚು, ಅಂದರೆ ಸೆಲ್ಲಿನಿಂದ ನಡೆಯುವಂಥದ್ದು. ಬಿಳಿ ಡಯಲ್, ಒಂದರಿಂದ ಹನ್ನೆರಡರವರೆಗೆ ದೊಡ್ಡ ಕಪ್ಪು ಅಂಕಿಗಳು, ಉದ್ದನೆಯ ಕೆಂಪು ಸೆಕೆಂಡ್ ಮುಳ್ಳು. ಆ ಕೆಂಪು ಮುಳ್ಳಿಗಾಗಿಯೇ ಇದನ್ನು ಆರಿಸಿದೆ.

ಕೆಮ್ಮು, ಉಸಿರಾಟದ ತೊಂದರೆಯಿಂದ ಬಂದ ಮಗುವಿನ ಉಸಿರನ್ನು ನಾವು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ನ್ಯುಮೋನಿಯಾದ ಸೂಚನೆ. ಎಣಿಕೆಯಲ್ಲಿ ನಾಲ್ಕೈದರ ವ್ಯತ್ಯಾಸವಾದರೆ ಚಿಕಿತ್ಸೆಯ ನಿರ್ಧಾರವೇ ಬದಲಾಗಬಹುದು. ಕಣ್ಣು ಮಗುವಿನ ಎದೆಯ ಮೇಲಿರಬೇಕು, ವಾಚು ಓರೆನೋಟಕ್ಕೆ ಸಿಗಬೇಕು. ಅಂಕಿ ಓಡುವ ಡಿಜಿಟಲ್ ವಾಚಿನಲ್ಲಿ ಅಂಕಿಯನ್ನು ಓದಬೇಕಾಗುತ್ತದೆ. ಮುಳ್ಳಿನ ವಾಚಿನಲ್ಲಿ ಓದುವ ಅಗತ್ಯವಿಲ್ಲ, ಮುಳ್ಳು ಹೊರಟಲ್ಲಿಗೆ ಮರಳಿ ಬಂದದ್ದು ಕಂಡರೆ ಸಾಕು. ಹೀಗಾಗಿ ಗಂಗಾವತಿಯ ಅಣ್ಣಾವರ ವಾಚು ಅವರ ಕೆಲಸಕ್ಕೆ ಎಷ್ಟು ಒಪ್ಪುತ್ತದೆಯೋ ನನ್ನ ಕೆಲಸಕ್ಕೆ ಅಷ್ಟು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕೈ ತೊಳೆಯುವಾಗಲೂ ಹೆರಿಗೆ ಕೋಣೆಯಲ್ಲೂ ವಾಚನ್ನು ಬಿಚ್ಚಿಡಲೇಬೇಕು, ಏಕೆಂದರೆ ಬೆಲ್ಟಿನ ಅಡಿಯಲ್ಲಿ ಸೋಂಕು ಉಳಿಯುತ್ತದೆ. ಆದ್ದರಿಂದ ಚರ್ಮದ ಬೆಲ್ಟು ತೆಗೆಸಿ, ಸಾಬೂನಿನಿಂದ ತೊಳೆಯಬಹುದಾದ ಸ್ಟೀಲ್ ಚೈನು ಹಾಕಿಸಿದ್ದೇನೆ. ಸಮವಸ್ತ್ರಕ್ಕೆ ಪಿನ್ನಿನಿಂದ ತೂಗುಹಾಕುವ ವಾಚುಗಳೂ ಬರುತ್ತವೆ. ನಮ್ಮ ವೃತ್ತಿಯ ತಂಗಿಯರಿಗೆ ನಾನು ಅದನ್ನೇ ಹೇಳುತ್ತೇನೆ.

ರಾತ್ರಿ ಪಾಳಿ, ತೋರಣಗಲ್ಲು

ಉಕ್ಕಿನ ಕೆಲಸದಲ್ಲಿರುವ ನಮ್ಮಂಥವರಿಗೆ ಬಿಸಿಗಿಂತ ಮೊದಲ ವೈರಿ ಅಯಸ್ಕಾಂತ. ಕಬ್ಬಿಣ ಎತ್ತುವ ವಿದ್ಯುತ್ಕಾಂತದ ಕ್ರೇನುಗಳ ಬಳಿ, ದೊಡ್ಡ ಮೋಟಾರುಗಳ ಬಳಿ ಓಡಾಡಿದ ಚಾವಿ ವಾಚು ಒಂದು ದಿನ ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗುತ್ತದೆ. ಉಪನ್ಯಾಸಕ ಸರ್ ಹೇಳಿದ ಬ್ಯಾಲೆನ್ಸ್ ಚಕ್ರಕ್ಕೆ ಕೂದಲಿನಷ್ಟು ತೆಳುವಾದ ಹೇರ್ ಸ್ಪ್ರಿಂಗು ಇರುತ್ತದೆ. ಅದಕ್ಕೆ ಅಯಸ್ಕಾಂತತೆ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗು ಗಿಡ್ಡವಾದಂತಾಗಿ ಬಡಿತದ ವೇಗ ಹೆಚ್ಚುತ್ತದೆ. ಮುಳ್ಳಿನ ಕ್ವಾರ್ಟ್ಜ್ ವಾಚಿನೊಳಗೂ ಸಣ್ಣ ಮೋಟಾರು ಇರುವುದರಿಂದ ಬಲವಾದ ಕಾಂತದ ಹತ್ತಿರ ಅದು ನಿಲ್ಲಬಹುದು, ದೂರ ಬಂದ ಮೇಲೆ ಸಾಮಾನ್ಯವಾಗಿ ಮತ್ತೆ ನಡೆಯುತ್ತದೆ. ಅಂಕಿಗಳ ಡಿಜಿಟಲ್ ವಾಚಿನಲ್ಲಿ ಮೋಟಾರೂ ಇಲ್ಲ, ಹೇರ್ ಸ್ಪ್ರಿಂಗೂ ಇಲ್ಲ.

ಅದಕ್ಕಾಗಿ ನನ್ನ ಆಯ್ಕೆ ಚೌಕಾಕಾರದ ಜಿ-ಶಾಕ್. ಇದರ ಹುಟ್ಟಿನ ಕಥೆ ನನಗೆ ಬಹಳ ಪ್ರಿಯವಾದದ್ದು. ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ, ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, ಹತ್ತು ಬಾರ್ ನೀರಿನ ಒತ್ತಡ ತಾಳಬೇಕು, ಸೆಲ್ಲು ಹತ್ತು ವರ್ಷ ಬರಬೇಕು ಎಂಬ ಮೂರು ಗುರಿಗಳನ್ನಿಟ್ಟುಕೊಂಡು, ಮಾದರಿಗಳನ್ನು ಕಟ್ಟಡದ ಕಿಟಕಿಯಿಂದ ಕೆಳಕ್ಕೆ ಎಸೆದೆಸೆದು ಪರೀಕ್ಷಿಸಿದರು. ಇನ್ನೂರರಷ್ಟು ಮಾದರಿಗಳಾದ ಮೇಲೆ 1983ರಲ್ಲಿ ಮೊದಲ ಜಿ-ಶಾಕ್ ಮಾರುಕಟ್ಟೆಗೆ ಬಂತು. ಒಳಗಿನ ಯಂತ್ರವು ಹೊರಕವಚಕ್ಕೆ ಬಿಗಿಯಾಗಿ ಅಂಟಿಕೊಳ್ಳದೆ ಕೆಲವೇ ಬಿಂದುಗಳಲ್ಲಿ ಆನಿಸಿಕೊಂಡು ನಿಂತಿರುವುದೇ ಅದರ ಗುಟ್ಟು. ಕಷ್ಟದ ಕೆಲಸ ಮಾಡುವವನ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬ ಎಂಜಿನಿಯರು ಇಷ್ಟು ಶ್ರಮಪಟ್ಟನಲ್ಲ ಎಂಬ ಕೃತಜ್ಞತೆ ನನಗಿದೆ.

ಕೋಟೆಗುಡ್ಡ, ಬಳ್ಳಾರಿ

ತೋರಣಗಲ್ಲಿನ ಮಿತ್ರರ ವಿವರಣೆ ಸರಿಯಾಗಿದೆ. ವಾಚಿಗೆ ಅಯಸ್ಕಾಂತತೆ ಹತ್ತಿದೆಯೇ ಎಂದು ತಿಳಿಯಲು ದಿಕ್ಸೂಚಿಯ ಹತ್ತಿರ ವಾಚನ್ನು ನಿಧಾನವಾಗಿ ತಿರುಗಿಸಿ, ಸೂಜಿ ಅಲುಗುತ್ತದೆಯೇ ನೋಡಿ. ರಿಪೇರಿ ಅಂಗಡಿಗಳಲ್ಲಿ ಅದನ್ನು ತೆಗೆಯುವ ಸಣ್ಣ ಯಂತ್ರವಿರುತ್ತದೆ, ಕ್ಷಣಗಳ ಕೆಲಸ. ಸಂಡೂರು ಸುತ್ತಿನವರಿಗೆ ಇನ್ನೊಂದು ಸೂಚನೆ: ನಮ್ಮ ಅದಿರು ಹೆಮಟೈಟ್, ಅದರ ಗಡಸುತನ ಮೋಸ್ ಮಾನದಲ್ಲಿ ಆರರ ಆಸುಪಾಸು, ಮರಳಿನದು ಏಳು. ಸಾಮಾನ್ಯ ಗಾಜಿನ ವಾಚನ್ನು ಧೂಳಿನ ಸಮೇತ ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುವುದು ಈ ಕಾರಣದಿಂದ. ಮೊದಲು ಊದಿ, ಆಮೇಲೆ ಒರೆಸಿ. ನೀಲಮಣಿಯ, ಅಂದರೆ ಸಫೈರ್ ಗಾಜಿನ ಗಡಸುತನ ಒಂಬತ್ತು, ಅದಕ್ಕೆ ಈ ಭಯವಿಲ್ಲ.

ಗವಿಮಠದ ರಸ್ತೆ, ಕೊಪ್ಪಳ

ಎಲ್ಲರೂ ಕೆಲಸದ ವಾಚುಗಳ ಬಗ್ಗೆ ಬರೆದಿದ್ದೀರಿ. ನಿವೃತ್ತ ಶಿಕ್ಷಕನಾದ ನನ್ನದು ಮದುವೆಯಲ್ಲಿ ಬಂದ ವಾಚು. ಅಳಿಯನಿಗೆ ಉಂಗುರದ ಜೊತೆ ಕೈಗಡಿಯಾರ ತೊಡಿಸುವುದು ನಮ್ಮ ಭಾಗದಲ್ಲಿ ನಡೆದುಬಂದ ಪದ್ಧತಿ, ಮತ್ತು ನಮ್ಮ ಕಾಲದಲ್ಲಿ ಅದು ಎಚ್‌ಎಂಟಿ ಆಗಿರಬೇಕೆಂಬುದು ಬೀಗರ ನಡುವೆ ಮಾತಿಲ್ಲದೆ ಒಪ್ಪಿತವಾಗಿತ್ತು. ನನ್ನ ಮಾವನವರು ತೊಡಿಸಿದ್ದು ಎಚ್‌ಎಂಟಿ ಸೋನಾ, ಚಿನ್ನದ ಲೇಪನದ್ದು. ಬೆವರಿನಿಂದ ಅಂಚಿನ ಲೇಪನ ಹೋಗಿ ಒಳಲೋಹ ಕಾಣುತ್ತಿದೆ. ಹೊಸದಾಗಿ ಲೇಪನ ಮಾಡಿಸಿ ಎಂದು ಹಲವರು ಹೇಳಿದರು. ನಾನು ಮಾಡಿಸಲಿಲ್ಲ, ಮಾಡಿಸುವುದೂ ಇಲ್ಲ. ಆ ಸವೆತ ನನ್ನ ಮಣಿಕಟ್ಟಿನಿಂದಲೇ ಆದದ್ದು.

ಆದರೆ ಭಾವನೆಯ ಮಾತನ್ನಷ್ಟೇ ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಈ ವಾಚಿನಿಂದ ನಾನು ಮಕ್ಕಳಿಗೆ ಒಂದು ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಆಕಾಶವಾಣಿಯ ಸಮಯಸೂಚಕ ಧ್ವನಿಗೆ ವಾಚನ್ನು ಹೊಂದಿಸಿಕೊಂಡು ಹೋಗಿ, ಶಾಲೆಯ ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತನ್ನು ಮಕ್ಕಳಿಂದ ಬರೆಸುತ್ತಿದ್ದೆ. ಅದು ಹನ್ನೆರಡು ಗಂಟೆಗೆ ಆಗುವುದಿಲ್ಲ. ಭಾರತೀಯ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕೊಪ್ಪಳ ಇರುವುದು 76 ಡಿಗ್ರಿಯ ಆಚೆಗೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಸಾಲಿಗೆ ಬರುವುದು ಸರಾಸರಿ 25 ನಿಮಿಷ ತಡವಾಗಿ. ಭೂಮಿಯ ಕಕ್ಷೆಯ ಆಕಾರ ಮತ್ತು ಅಕ್ಷದ ಓರೆಯ ಕಾರಣದಿಂದ ಅದೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಫೆಬ್ರವರಿ ಮಧ್ಯದಲ್ಲಿ ನಮ್ಮ ನಡುಹಗಲು ಸುಮಾರು 12 ಗಂಟೆ 40 ನಿಮಿಷಕ್ಕಾದರೆ, ನವೆಂಬರ್ ಆರಂಭದಲ್ಲಿ 12 ಗಂಟೆ 9 ನಿಮಿಷಕ್ಕೇ ಆಗಿಬಿಡುತ್ತದೆ. ಬಳ್ಳಾರಿಯವರಿಗೆ ಸರಾಸರಿ ತಡ 22 ನಿಮಿಷ, ರಾಯಚೂರಿನವರಿಗೆ 20ರ ಹತ್ತಿರ. ಊರಿನ ಸೂರ್ಯನಿಗೂ ದೇಶದ ಗಡಿಯಾರಕ್ಕೂ ಇರುವ ಈ ಅಂತರವನ್ನು ಮಗು ತಾನೇ ಕಂಡುಹಿಡಿದಾಗ ಅದರ ಮುಖದಲ್ಲಿ ಬರುವ ಬೆಳಕಿಗೆ ಸಮನಾದದ್ದು ಯಾವುದೂ ಇಲ್ಲ.

ಒಂಟಿ ಭೂತಗನ್ನಡಿ, ರಾಯಚೂರು

ಗುರುಗಳಿಗೂ ಉಳಿದ ಎಲ್ಲರಿಗೂ ನಮಸ್ಕಾರ. ನಾನು ವಾಚು ರಿಪೇರಿ ಮಾಡುವವನು, ನನ್ನ ತಂದೆಯವರೂ ಇದೇ ಕೆಲಸ ಮಾಡಿದವರು. ನಮ್ಮ ಮೇಜಿನ ಮೇಲೆ ಬರುವ ವಾಚುಗಳು ಕಲಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುವುದು ಉಪಯೋಗಕ್ಕೆ ಬರಬಹುದು.

ರಿಪೇರಿಯವನ ದೃಷ್ಟಿಯಿಂದ ನನಗೆ ಅತ್ಯಂತ ಪ್ರಿಯವಾದದ್ದು ಎಚ್‌ಎಂಟಿಯ ಚಾವಿ ವಾಚು. ಜನತಾ, ಪೈಲಟ್ ಮುಂತಾದ ಹಲವು ಹೆಸರುಗಳ ವಾಚುಗಳೊಳಗೆ ಇರುವುದು ಒಂದೇ ಬಗೆಯ ಮಷಿನ್ನು. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತದೆ, ಸ್ಕ್ರೂ ಬಿಚ್ಚಿದರೆ ಭಾಗಗಳು ಸುಲಭವಾಗಿ ಕಳಚಿಕೊಳ್ಳುತ್ತವೆ, ಅಕ್ರಿಲಿಕ್ ಗಾಜಿಗೆ ಬಿದ್ದ ಗೀರನ್ನು ಉಜ್ಜಿ ತೆಗೆಯಬಹುದು ಅಥವಾ ಅಲ್ಪ ಖರ್ಚಿನಲ್ಲಿ ಗಾಜನ್ನೇ ಬದಲಾಯಿಸಬಹುದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಮೇಲೆಯೂ ಆ ವಾಚುಗಳು ಊರೂರಿನಲ್ಲಿ ನಡೆಯುತ್ತಿರುವುದಕ್ಕೆ ಇದೇ ಕಾರಣ. ತುಮಕೂರಿನ ಕಾರ್ಖಾನೆಯಲ್ಲಿ ನಮ್ಮ ರಾಜ್ಯದ ಕೈಗಳೇ ಜೋಡಿಸಿದ ಯಂತ್ರವನ್ನು ನಮ್ಮ ರಾಜ್ಯದ ಇನ್ನೊಂದು ಮೂಲೆಯಲ್ಲಿ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ನಡೆಸುವಾಗ ನನಗೆ ಹೆಮ್ಮೆಯಾಗುತ್ತದೆ.

ನಮ್ಮ ಹವೆಗೆ ತಕ್ಕ ಎಚ್ಚರಿಕೆಗಳು ಹಲವಿವೆ. ವಾಚಿನೊಳಗಿನ ಎಣ್ಣೆ ಕಾಲ ಕಳೆದಂತೆ ಒಣಗುತ್ತದೆ, ಧೂಳು ಸೇರಿದರೆ ಅರೆಯುವ ಪುಡಿಯಾಗುತ್ತದೆ. ಆದ್ದರಿಂದ ಚಾವಿ ವಾಚು ನಡೆಯುತ್ತಿದ್ದರೂ ನಾಲ್ಕೈದು ವರ್ಷಕ್ಕೊಮ್ಮೆ ತೊಳೆಸಿ ಎಣ್ಣೆ ಹಾಕಿಸಬೇಕು. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆಯಾದರೆ ಉತ್ತಮ, ವಾಚನ್ನು ಕೈಯಿಂದ ಬಿಚ್ಚಿ ಚಾವಿ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಕಡ್ಡಿ ಓರೆಯಾಗಿ ಸವೆಯುತ್ತದೆ. ತಾರೀಖು ಇರುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಿಸಬೇಡಿ, ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾವೇ ಆ ಕೆಲಸಕ್ಕೆ ಕಚ್ಚಿಕೊಂಡಿರುತ್ತವೆ.

ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕಟ್ಟಿಕೊಂಡು ಹೊಳೆಗೆ ಇಳಿಯಬಹುದೆಂದು ಅರ್ಥವಲ್ಲ. ಮಳೆಹನಿ, ಮುಖ ತೊಳೆಯುವಾಗಿನ ತುಂತುರು, ಅಷ್ಟಕ್ಕೆ ಮಾತ್ರ. ಈಜುವವರಿಗೆ 100 ಮೀಟರಿನದು ಬೇಕು. ಮೇ ತಿಂಗಳಲ್ಲಿ ಬಿಸಿಲಿಗೆ ಕಾದ ವಾಚನ್ನು ತಣ್ಣೀರಿನಲ್ಲಿ ಅದ್ದಿದರೆ ಒಳಗಿನ ಗಾಳಿ ಕುಗ್ಗಿ, ಹಳೆಯ ರಬ್ಬರ್ ರಿಂಗಿನ ಸಂದಿನಿಂದ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಗಾಜಿನೊಳಗೆ ಮಂಜು ಕಟ್ಟಿತೆಂದು ತರುವ ವಾಚುಗಳಲ್ಲಿ ಬಹುಪಾಲು ಹೀಗೆ ಆದವು. ಕ್ವಾರ್ಟ್ಜ್ ವಾಚಿನ ಸೆಕೆಂಡ್ ಮುಳ್ಳು ಎರಡೋ ನಾಲ್ಕೋ ಸೆಕೆಂಡಿಗೊಮ್ಮೆ ಹಾರತೊಡಗಿದರೆ ಅನೇಕ ವಾಚುಗಳಲ್ಲಿ ಅದು ಸೆಲ್ಲು ಮುಗಿಯುತ್ತಿರುವ ಮುನ್ಸೂಚನೆ. ಸತ್ತ ಸೆಲ್ಲನ್ನು ಒಳಗೇ ಬಿಟ್ಟು ವಾಚನ್ನು ಬೀರುವಿನಲ್ಲಿ ಇಡಬೇಡಿ, ಅದು ಸೋರಿದರೆ ಮಷಿನ್ನೇ ಹೋಗುತ್ತದೆ.

ಗಂಗಾವತಿಯ ಅಣ್ಣಾವರು ಹೇಳಿದ ಗುಂಡಿಯ ಪರೀಕ್ಷೆ ಒಳ್ಳೆಯದೇ, ಆದರೆ ಈಗೀಗ ಕೆಲವು ನಕಲಿಗಳಲ್ಲೂ ಹೆಸರು ಮೂಡುತ್ತದೆ. ಮುದ್ರಣದ ಸ್ಪಷ್ಟತೆಯನ್ನೂ ಹಿಂಬದಿಯ ಬರಹವನ್ನೂ ನೋಡಿ, ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಳ್ಳಿ.

ಬ್ಯಾಂಕ್ ಕೌಂಟರ್, ಸಿಂಧನೂರು

ನನ್ನ ಆಯ್ಕೆ ಟೈಟನ್ ಎಡ್ಜ್, ತೆಳುತನಕ್ಕಾಗಿ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ ಕಟ್ಟಿದ ಟೈಟನ್, ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಮಾಡಿ, 2002ರಲ್ಲಿ ಎಡ್ಜ್ ಅನ್ನು ಹೊರತಂದಿತು. ಒಳಗಿನ ಮಷಿನ್ನಿನ ದಪ್ಪ 1.15 ಮಿಲಿಮೀಟರ್, ಇಡೀ ವಾಚಿನದು 3.5 ಮಿಲಿಮೀಟರ್. ಇದನ್ನು ನಮ್ಮ ದೇಶದ ಎಂಜಿನಿಯರುಗಳು ಸ್ವತಃ ರೂಪಿಸಿದರೆಂಬುದು ನನಗೆ ದೊಡ್ಡ ಮಾತು. ದಿನವಿಡೀ ಬರೆಯುವ, ನೋಟು ಎಣಿಸುವ ಕೈಗೆ ದಪ್ಪ ವಾಚು ಮೇಜಿನ ಅಂಚಿಗೆ ತಾಗುತ್ತಲೇ ಇರುತ್ತದೆ. ಇದು ಅಂಗಿಯ ತೋಳಿನೊಳಗೆ ಇದ್ದೂ ಇಲ್ಲದಂತಿರುತ್ತದೆ. ಸೆಕೆಂಡ್ ಮುಳ್ಳು ಇಲ್ಲದಿರುವುದರಿಂದ ಕುಷ್ಟಗಿಯ ಅಕ್ಕಾವರಿಗೆ ಇದು ಆಗಲಾರದು, ಆದರೆ ನನಗೆ ನಿಮಿಷ ತಿಳಿದರೆ ಸಾಕು.

ಹಟ್ಟಿ ಕಾಲೊನಿ, ಲಿಂಗಸುಗೂರು ತಾಲ್ಲೂಕು

ನನ್ನ ಬಳಿ ಇರುವುದು ಅಜ್ಜನ ಕಾಲದ ವೆಸ್ಟ್ ಎಂಡ್ ವಾಚ್ ಕಂಪನಿಯ ಸೊವಾರ್ ಪ್ರೈಮಾ. ಬ್ರಿಟಿಷರ ಕಾಲದಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಮಳಿಗೆಯಿಟ್ಟು ಸ್ವಿಸ್ ವಾಚುಗಳನ್ನು ಮಾರಿದ ಕಂಪನಿ ಅದು. ಸೈನಿಕರೂ ರೈಲ್ವೆಯವರೂ ಅದನ್ನು ಬಹಳವಾಗಿ ನೆಚ್ಚಿದ್ದರು. ನಮ್ಮ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಜ್ಜ ಹೈದರಾಬಾದಿನಿಂದಲೇ ತಂದದ್ದೆಂದು ಮನೆಯಲ್ಲಿ ಹೇಳುತ್ತಾರೆ. ಗಣಿಯೊಳಗಿನ ಪಾಳಿಯಲ್ಲಿ ಸಮಯ ಕಾಣಬೇಕೆಂದು ಹೊಳೆಯುವ ಅಂಕಿಗಳ ವಾಚನ್ನೇ ಆರಿಸಿದ್ದರಂತೆ. ಈಗ ಅಂಕಿಗಳ ಮೇಲಿನ ಲೇಪ ಕಂದು ಬಣ್ಣಕ್ಕೆ ತಿರುಗಿ ಹೊಳಪು ಹೋಗಿದೆ, ಅಲ್ಲಲ್ಲಿ ಉದುರುತ್ತಿದೆ. ಮನೆಯ ಹಿರಿಯರ ವಸ್ತುವೆಂದು ಇದು ನನಗೆ ಎಲ್ಲಕ್ಕಿಂತ ಪ್ರಿಯ. ಆ ಲೇಪವನ್ನು ಕೆರೆದು ಹೊಸದು ಹಾಕಿಸಬಹುದೇ ಎಂದು ರಾಯಚೂರಿನ ಅಣ್ಣಾವರನ್ನು ಕೇಳುತ್ತೇನೆ.

ಒಂಟಿ ಭೂತಗನ್ನಡಿ, ರಾಯಚೂರು

ದಯವಿಟ್ಟು ಕೆರೆಯಬೇಡಿ, ಮುಚ್ಚಳವನ್ನೂ ಮನೆಯಲ್ಲಿ ತೆರೆಯಬೇಡಿ. ಆ ಕಾಲದ ಹೊಳೆಯುವ ಡಯಲ್‌ಗಳಲ್ಲಿ ನಿಜವಾದ ರೇಡಿಯಂ ಬಳಸುತ್ತಿದ್ದರು. ಹೊಳಪು ಹೋಗಿರುವುದು ಅದರ ಜೊತೆ ಬೆರೆಸಿದ ಜಿಂಕ್ ಸಲ್ಫೈಡ್ ದಣಿದಿರುವುದರಿಂದ, ರೇಡಿಯಂ ಮುಗಿದದ್ದರಿಂದಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಮುಚ್ಚಿರುವ ವಾಚಿಗಿಂತ ಉದುರಿದ ಪುಡಿಯೇ ಹೆಚ್ಚು ಅಪಾಯಕಾರಿ, ಅದು ಉಸಿರಿನ ಮೂಲಕವಾಗಲಿ ಬೆರಳಿನ ಮೂಲಕ ಬಾಯಿಗಾಗಲಿ ಹೋಗಬಾರದು. 1960ರ ದಶಕದಿಂದ ಈಚೆಗೆ ರೇಡಿಯಂ ಬಳಕೆ ನಿಂತು, ಬೆಳಕನ್ನು ಹೀರಿಕೊಂಡು ಹೊಳೆಯುವ ನಿರಪಾಯದ ಲೇಪಗಳು ಈಗ ಬರುತ್ತವೆ, ಆದ್ದರಿಂದ ಹೊಸ ವಾಚಿನವರು ಹೆದರಬೇಕಾಗಿಲ್ಲ.

ನಿಮ್ಮ ವಾಚನ್ನು ಜಿಪ್ ಚೀಲದಲ್ಲಿ ಹಾಕಿ, ಮಲಗುವ ಕೋಣೆಯಲ್ಲಿ ಇಡದೆ, ಮಕ್ಕಳ ಕೈಗೆ ಸಿಗದಂತೆ ಗಾಳಿಯಾಡುವ ಜಾಗದಲ್ಲಿಡಿ. ಇಂಥ ಡಯಲ್ ನಿಭಾಯಿಸುವ ಸಲಕರಣೆ ನನ್ನ ಬಳಿಯೂ ಇಲ್ಲ, ಆದ್ದರಿಂದ ಅದನ್ನು ನಾನು ತೆರೆಯುವುದಿಲ್ಲ. ನಡೆಯದಿದ್ದರೂ ಅದು ನಿಮ್ಮ ಅಜ್ಜನ ವಾಚೇ.

ಸತ್ಯನಾರಾಯಣಪೇಟೆ, ಬಳ್ಳಾರಿ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ವಿದ್ಯಾರ್ಥಿ. ಈ ಚರ್ಚೆ ಓದಿದ ಮೇಲೆ ಚಾವಿ ವಾಚು ಬೇಕೆನಿಸಿದೆ. ಆನ್‌ಲೈನಿನಲ್ಲಿ ಕಿತ್ತಳೆ ಬಣ್ಣದ ಡಯಲಿನ ಎಚ್‌ಎಂಟಿ ಪೈಲಟ್ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ? ನನ್ನ ದೊಡ್ಡಪ್ಪನವರದೊಂದು ಕಪ್ಪು ಡಯಲಿನ ಪೈಲಟ್ ಮನೆಯಲ್ಲಿದೆ, ಆದರೆ ಅದು ಬಹಳ ವರ್ಷಗಳಿಂದ ನಿಂತುಹೋಗಿದೆ.

ಕೋಟೆಗುಡ್ಡ, ಬಳ್ಳಾರಿ

ತಮ್ಮಾ, ಪೈಲಟ್ ಹೆಸರಾಗಿರುವುದೇ ಕಪ್ಪು ಡಯಲಿಗೆ. ಥಳಥಳಿಸುವ ಬಣ್ಣಗಳಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ವಾಚುಗಳು, ಹಳೆಯ ಮಷಿನ್ನಿಗೆ ಇತ್ತೀಚೆಗೆ ಮುದ್ರಿಸಿದ ಡಯಲ್ ಕೂರಿಸಿ, ಬೇರೆ ಬೇರೆ ವಾಚುಗಳ ಭಾಗಗಳನ್ನು ಸೇರಿಸಿ ಮಾಡಿದವು. ನಡೆಯುವುದೇನೋ ನಡೆಯಬಹುದು, ಆದರೆ ಕಾರ್ಖಾನೆಯಿಂದ ಬಂದ ವಾಚೆಂದು ನಂಬಿ ಹಣ ಕೊಡುವುದು ತರವಲ್ಲ. ಅಕ್ಷರಗಳ ಅಂಚು ಮಸುಕಾಗಿದೆಯೇ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗಿವೆಯೇ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡು. ಮಾತೃಸಂಸ್ಥೆಯಾದ ಎಚ್‌ಎಂಟಿ ಇಂದಿಗೂ ಸಣ್ಣ ಪ್ರಮಾಣದಲ್ಲಿ ವಾಚುಗಳನ್ನು ಮಾರುತ್ತದೆ, ಹೊಸದೇ ಬೇಕಿದ್ದರೆ ಅಲ್ಲಿಂದ ತರಿಸಿಕೊಳ್ಳಬಹುದು. ಆದರೆ ಮನೆಯಲ್ಲೇ ಅಸಲಿ ಪೈಲಟ್ ಇರುವಾಗ ನೀನು ಹೊರಗೆ ಹುಡುಕುವುದೇಕೆ?

ಒಂಟಿ ಭೂತಗನ್ನಡಿ, ರಾಯಚೂರು

ಸರ್ ಹೇಳಿದ್ದೇ ನನ್ನ ಮಾತು. ಬಹಳ ವರ್ಷ ನಿಂತ ಎಚ್‌ಎಂಟಿಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆ ಒಣಗಿರುತ್ತದೆ ಅಷ್ಟೆ, ತೊಳೆದು ಎಣ್ಣೆ ಹಾಕಿದರೆ ನಡೆಯುತ್ತವೆ. ಮೇನ್ ಸ್ಪ್ರಿಂಗು ಮುರಿದಿದ್ದರೂ ಹೊಂದುವ ಬಿಡಿಭಾಗ ನನ್ನಲ್ಲಿದೆ. ಈಗ ಚಾವಿ ಕೊಟ್ಟು ನೋಡಬೇಡ, ನಡೆಯಲೆಂದು ಕೊಡವಲೂ ಬೇಡ, ಒಣಗಿದ ಎಣ್ಣೆಯಲ್ಲಿ ಚಕ್ರಗಳ ಮೊನೆ ಸವೆಯುತ್ತದೆ. ಡಯಲಿನ ಮೇಲೆ ಕಲೆ ಇದ್ದರೂ ಯಾರಿಂದಲೂ ಒರೆಸಿಸಬೇಡ. ಬಳ್ಳಾರಿಯಲ್ಲೇ ಹಳೆಯ ರಿಪೇರಿಯವರು ಇದ್ದಾರೆ, ಮೊದಲು ಅವರಲ್ಲಿ ಕೇಳು. ಅಲ್ಲಿ ಆಗದಿದ್ದರೆ ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಬಾ. ಭಾನುವಾರ ಅಂಗಡಿ ತೆರೆದಿರುವುದಿಲ್ಲ.

ಸತ್ಯನಾರಾಯಣಪೇಟೆ, ಬಳ್ಳಾರಿ

ಕಿತ್ತಳೆ ಡಯಲಿನದನ್ನು ಕೈಬಿಟ್ಟೆ ಅಣ್ಣಾವರೇ. ದೊಡ್ಡಪ್ಪನವರ ಒಪ್ಪಿಗೆ ಪಡೆದು ಪೈಲಟ್ ಅನ್ನು ಡಬ್ಬಿಗೆ ಹಾಕಿದ್ದೇನೆ. ಅದಕ್ಕೆ ಬೆಲ್ಟು ಇಲ್ಲ, ಯಾವ ಅಳತೆಯದು ತರಲಿ?

ಒಂಟಿ ಭೂತಗನ್ನಡಿ, ರಾಯಚೂರು

ವಾಚಿನ ಎರಡು ಕೊಂಬುಗಳ ನಡುವಿನ ಒಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಅಷ್ಟೇ ಅಗಲದ್ದನ್ನು ತಾ. ಬೇಸಿಗೆ ಮುಗಿಯುವವರೆಗೆ ಚರ್ಮದ್ದು ಬೇಡ, ನೈಲಾನ್ ಪಟ್ಟಿ ಹಾಕೋಣ. ಬೆವರಿಗೆ ಕೊಳೆಯುವುದಿಲ್ಲ, ಒಗೆದು ಒಣಗಿಸಿ ಮತ್ತೆ ಕಟ್ಟಿಕೊಳ್ಳಬಹುದು.